ಕಾವಿ ನೆಲ, ಬಿಳಿ ಟೈಲ್ಸ್: ನಮ್ಮ ಮನೆಗೆ ಹೊಂದುವ ಶೈಲಿ ಸಿಕ್ಕಿದ ಬಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದೊಂದು ಹಂಚಿನ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ಕೆಂಪು ಕಾವಿ ನೆಲ, ಹಲಸಿನ ಮರದ ಬಾಗಿಲುಗಳು. ಅದಕ್ಕೆ ತಾಗಿಕೊಂಡೇ ಮಾವ ಕಟ್ಟಿಸಿದ ಟೆರೇಸಿನ ಭಾಗ ಉಂಟು: ಒಂದು ಹಾಲ್, ಎರಡು ಬೆಡ್‌ರೂಮ್, ನೆಲಕ್ಕೆ ಬಿಳಿ ಟೈಲ್ಸ್. ಎರಡೂ ಭಾಗ ಗಟ್ಟಿಮುಟ್ಟಾಗಿಯೇ ಇವೆ. ಆದರೆ ಒಂದಕ್ಕೊಂದು ಮಾತಿಲ್ಲ. ಇವೆರಡನ್ನೂ ಒಂದೇ ಮನೆ ಅಂತ ಅನಿಸುವ ಹಾಗೆ ಮಾಡುವುದು ಹೇಗೆ ಅಂತ ಹುಡುಕುತ್ತಾ ಹೋದಾಗಲೇ ನನಗೆ ಹಿಡಿಸುವ ಶೈಲಿ ಯಾವುದು ಅಂತ ಗೊತ್ತಾಯಿತು. ನಾನು ಈ ವಿದ್ಯೆ ಕಲಿತವಳಲ್ಲ. ಮನೆಯಲ್ಲಿದ್ದುಕೊಂಡೇ, ನೋಡಿ ನೋಡಿ ಮಾಡಿದ ಕೆಲಸ ಇದು.

ನಮ್ಮ ಕಡೆ ಮಾದರಿಗಳಿಗೇನೂ ಬರ ಇಲ್ಲ. ತೆಂಕಲಾಗಿ ಹೋದರೆ ಕೇರಳದ ನಾಲುಕೆಟ್ಟಿನ (ನಡುವೆ ಅಂಗಳ ಇರುವ ತೊಟ್ಟಿ ಮನೆಯ) ಹಾಗೆ ಕಂಬ ನಿಲ್ಲಿಸಿದ ಹೊಸ ಮನೆಗಳು. ಪೇಟೆಯ ಹತ್ತಿರ ಗಲ್ಫಿನಲ್ಲಿ ದುಡಿದವರ ಮನೆಗಳು, ಜಿಪ್ಸಮ್ ಸೀಲಿಂಗ್, ಅದರ ಅಂಚಿಗೆ ಎಲ್‌ಇಡಿ ಪಟ್ಟಿ. ಮಂಗಳೂರಿನ ಫ್ಲ್ಯಾಟುಗಳಲ್ಲಿ ಬೂದು ಬಣ್ಣ, ಗಾಜು. ಮೊಬೈಲಿನಲ್ಲಂತೂ ಇಡೀ ಪ್ರಪಂಚದ ಮನೆಗಳು. ಎಲ್ಲವೂ ಚಂದವೇ. ಅದರಲ್ಲಿ ನನ್ನದು ಯಾವುದು ಅನ್ನುವುದೇ ಕಷ್ಟ.

ಹಾಗಾಗಿ ಮೊದಲು ಮಾಡಿದ್ದು ಇಷ್ಟೇ. ಕಣ್ಣಿಗೆ ಚಂದ ಕಂಡ ಚಿತ್ರಗಳನ್ನೆಲ್ಲ ಯೋಚನೆ ಮಾಡದೆ ಮೊಬೈಲಿನಲ್ಲಿ ಒಂದು ಕಡೆ ಹಾಕುತ್ತಾ ಹೋದೆ. ಸ್ವಲ್ಪ ಸಮಯ ಅದನ್ನು ತೆರೆಯಲೇ ಇಲ್ಲ. ಆಮೇಲೆ ಒಂದು ಪುಸ್ತಕ ಇಟ್ಟುಕೊಂಡು, ಪ್ರತಿ ಚಿತ್ರದಲ್ಲೂ ನನಗೆ ಹಿಡಿಸಿದ್ದು ಎಂತ ಅಂತ ಒಂದೊಂದು ಸಾಲು ಬರೆದೆ. ಸುಮ್ನೆ 'ಸೋಫಾ ಚಂದ' ಅಂತ ಬರೆದರೆ ಆಗುವುದಿಲ್ಲ. ಸೋಫಾದ ಬಣ್ಣವಾ, ಎತ್ತರವಾ, ಅದರ ಹಿಂದಿನ ಕಿಟಕಿಯಾ ಅಂತ ಬಿಡಿಸಿ ಬರೆಯಬೇಕು. ಬರೆಯುತ್ತಾ ಹೋದ ಹಾಗೆ ಕೆಲವೇ ಮಾತುಗಳು ಮತ್ತೆ ಮತ್ತೆ ಬಂದವು. ಕಿಟಕಿ ಹತ್ತಿರ ತಗ್ಗಾದ ಕೂರುವ ಜಾಗ. ಖಾಲಿ ನೆಲ. ತೆಳು ಬಣ್ಣದ ಗೋಡೆ, ಅದರ ಎದುರು ಕಪ್ಪಗಿನ ಮರ. ಸಪೂರ ಗೆರೆಯ ಹತ್ತಿ ಬಟ್ಟೆ. ಚಿತ್ರಗಳೆಲ್ಲ ಎಲ್ಲೆಲ್ಲಿಯ ಊರಿನವೋ. ಆದರೆ ಬರೆದ ಸಾಲುಗಳಲ್ಲಿ ಇದ್ದದ್ದು ಹೆಚ್ಚು ಕಡಿಮೆ ನಮ್ಮ ನಡುಮನೆಯೇ.

ಬಣ್ಣದ ವಿಷಯಕ್ಕೆ ನನ್ನ ಬಟ್ಟೆಯ ಕಪಾಟನ್ನೇ ತೆರೆದು ನೋಡಿದೆ. ಯಾರೂ ಹೇಳಿಕೊಡದೆ, ಯಾರನ್ನೂ ಮೆಚ್ಚಿಸಲಿಕ್ಕಲ್ಲದೆ ನಾವು ಬಣ್ಣ ಆರಿಸುವುದು ದಿನಾ ಉಡುವ ಬಟ್ಟೆಯಲ್ಲಿ ಅಲ್ವಾ? ನನ್ನ ಕಪಾಟಿನಲ್ಲಿ ಕಡು ನೀಲಿ ಜಾಸ್ತಿ ಇತ್ತು. ಜೊತೆಗೆ ಅಮ್ಮನಿಂದ ಬಂದ ಹಳೆಯ ಕಾಸರಗೋಡು ಸೀರೆಗಳು. ನಮ್ಮ ಈ ಕೈಮಗ್ಗದ ಸೀರೆಗೆ 2010ರಲ್ಲಿ ಜಿಐ ಮಾನ್ಯತೆ, ಅಂದರೆ ಇದು ಈ ಊರಿನದ್ದೇ ಅನ್ನುವ ಗುರುತು, ಸಿಕ್ಕಿದೆ. ಶುದ್ಧ ಹತ್ತಿಯದ್ದು, ಒಗೆದಷ್ಟೂ ಮೆದುವಾಗುವಂಥದ್ದು. ಒಂದರ ಮೈ ಕೆನೆ ಬಣ್ಣ, ಅಂಚು ಕಡು ನೀಲಿ. ಮನೆಗೆ ಬೇಕಾದ ಬಣ್ಣಗಳೆಲ್ಲ ಆ ಒಂದೇ ಸೀರೆಯಲ್ಲಿದ್ದವು. ಸೆರಗಿನ ಹತ್ತಿರ ಹರಿದಿದ್ದ ಕಾರಣ ಉಡುವ ಹಾಗಿರಲಿಲ್ಲ. ಅದನ್ನೇ ಹಾಲ್‌ನ ಕಿಟಕಿಗೆ ಪರದೆ ಮಾಡಿದೆ. ಅಂಚು ಕೆಳಗೆ ಬರುವ ಹಾಗೆ ಹೊಲಿಸಿ, ಪಡುವಣ ಬಿಸಿಲು ಬಟ್ಟೆಯನ್ನು ತಿನ್ನದ ಹಾಗೆ ಹಿಂದಿನಿಂದ ಒಂದು ಪದರ ತೆಳು ಹತ್ತಿಯ ಮಲ್ ಬಟ್ಟೆ ಕೊಡಿಸಿದೆ. ಗಾಳಿ ಬಂದಾಗ ಅಂಚಿನ ಭಾರಕ್ಕೆ ಪರದೆ ಚಂದವಾಗಿ ಬೀಳುತ್ತದೆ. ಅಂಗಡಿಯ ಸಿಂಥೆಟಿಕ್ ಪರದೆಯಲ್ಲಿ ಅದು ಬರುವುದಿಲ್ಲ.

ಅಲಂಕಾರದವರು ಅರವತ್ತು–ಮೂವತ್ತು–ಹತ್ತು ಅಂತ ಒಂದು ಲೆಕ್ಕ ಹೇಳುತ್ತಾರೆ. ಕೋಣೆಯಲ್ಲಿ ಮುಖ್ಯ ಬಣ್ಣ 60 ಪಾಲು, ಎರಡನೆಯದು 30, ಎದ್ದು ಕಾಣುವಂಥದ್ದು 10. ಒಳ್ಳೆಯ ಲೆಕ್ಕವೇ. ಆದರೆ ಹಳೆಯ ಮನೆಯಲ್ಲಿ ಮೊದಲ ಎರಡು ಪಾಲನ್ನು ನೆಲ, ಗೋಡೆ, ಮರ ಆಗಲೇ ತೆಗೆದುಕೊಂಡಿರುತ್ತವೆ. ನಮ್ಮ ಕೈಯಲ್ಲಿ ಉಳಿಯುವುದು ಆ ಹತ್ತೇ. ಅದನ್ನು ನಾನು ಪೂರ್ತಿ ನೀಲಿಗೆ ಕೊಟ್ಟೆ. ಕೆಂಪು ನೆಲದ ಮೇಲೆ ನೀಲಿ ತಂಪಾಗಿ ಕಾಣುತ್ತದೆ.

ಇನ್ನು ಜನ ಎಲ್ಲಿ ಕೂರುತ್ತಾರೆ ಅಂತ ಗಮನಿಸಿದೆ. ಅತ್ತೆ ಯಾವಾಗಲೂ ಜಗಲಿಯಲ್ಲಿ. ಇವರು ಅಡಿಕೆಯ ಲೆಕ್ಕ ಬರೆಯುವುದು ನಡುಮನೆಯಲ್ಲಿ ಮಣೆ ಹಾಕಿಕೊಂಡು. ಮಕ್ಕಳು ಬೇಸಿಗೆಯಲ್ಲಿ ಕಾವಿ ನೆಲದ ಮೇಲೆಯೇ ಬಿದ್ದುಕೊಂಡಿರುತ್ತಾರೆ. ಹಾಲ್‌ನ ದೊಡ್ಡ ರೆಕ್ಸಿನ್ ಸೋಫಾದಲ್ಲಿ ಕೂರುವವರು ನೆಂಟರು ಮಾತ್ರ, ಅದೂ ತುದಿಯಲ್ಲಿ. ಸೋಫಾವನ್ನು ಬೇಕಾದವರಿಗೆ ಕೊಟ್ಟೆವು. ಅದರ ಜಾಗಕ್ಕೆ ಬಂದದ್ದು ಪತ್ತಾಯ.

ಆ ಪತ್ತಾಯದ ಬಗ್ಗೆ ಸ್ವಲ್ಪ ಹೇಳಲೇಬೇಕು. ಹಲಸಿನ ಹಲಗೆಯದ್ದು. ಗದ್ದೆ ಇದ್ದ ಕಾಲದಲ್ಲಿ ಭತ್ತ ತುಂಬಿಸುತ್ತಿದ್ದದ್ದು. ಗದ್ದೆ ತೋಟವಾದ ಮೇಲೆ ಹಿತ್ತಿಲ ಕಡೆಯ ಕೊಟ್ಟಿಗೆಯಲ್ಲಿ ಗೋಣಿಗಳ ಅಡಿಗೆ ಬಿದ್ದಿತ್ತು. ಒಳಗೆ ತರುತ್ತೇನೆ ಅಂದಾಗ ಅತ್ತೆಗೆ ಆಶ್ಚರ್ಯ.

"ಅದನ್ನೆಂತಕ್ಕೆ ಒಳಗೆ ತರುದು? ತುಂಬಿಸ್ಲಿಕ್ಕೆ ಭತ್ತ ಉಂಟಾ ಈಗ?"

"ಹೊದಿಕೆ ತುಂಬಿಸುವಾ ಅತ್ತೆ. ಮೇಲೆ ಕೂತ್ಕೊಳ್ಳಲಿಕ್ಕೂ ಆಗ್ತದೆ."

ಮರಗೆಲಸದ ಆಚಾರ್ರು ಬಂದು ಸುತ್ತಲೂ ಬೆರಳಲ್ಲಿ ತಟ್ಟಿ ನೋಡಿದರು. ಬುಡದ ಒಂದು ಹಲಗೆಗೆ ಮಾತ್ರ ಒರಳೆ (ಗೆದ್ದಲು) ಹಿಡಿದಿತ್ತು. ಅದನ್ನು ಬದಲಿಸಿ, ಅಡಿಗೆ ಗೇರುಬೀಜದ ಸಿಪ್ಪೆಯ ಗೇರೆಣ್ಣೆ ಬಳಿದು, ನೆಲದ ಪಸೆ ತಾಗದ ಹಾಗೆ ನಾಲ್ಕು ಕಾಲು ಕೊಟ್ಟರು. ಮೇಲಿನ ಕೊಳೆ ತೆಗೆಯುವ ಕೆಲಸ ನಾನೇ ಮಾಡಿದೆ. ಮೊದಲು 80 ನಂಬರಿನ ಸ್ಯಾಂಡ್ ಪೇಪರ್, ಆಮೇಲೆ 120, ಕೊನೆಗೆ 220. ಪ್ರತಿ ಸಲವೂ ಮರದ ನಾರಿನ ಉದ್ದಕ್ಕೇ ಉಜ್ಜಬೇಕು, ಅಡ್ಡಕ್ಕೆ ಉಜ್ಜಿದರೆ ಗೀರು ಬೀಳುತ್ತದೆ. ಕಪ್ಪು ಹೋಗಿ ಒಳಗಿನಿಂದ ಜೇನು ಬಣ್ಣದ ಮರ ಎದ್ದು ಬಂತು. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದ ಹಾಗೆ ಕಂದು. ಪಾಲಿಶ್‌ನವರು ಗ್ಲಾಸಿ ಕೋಟಿಂಗ್ ಹೊಡೆಯುವ ಅಂದರು, ನಾನು ಬೇಡ ಅಂದೆ. ಮೇಣದ ಪಾಲಿಶ್ ಮಾತ್ರ ಹಚ್ಚಿದೆ. ಮುಚ್ಚಳದ ಅಂಚಿನಲ್ಲಿ ಅಳತೆಯ ಸೇರು ತಾಗಿ ತಾಗಿ ಸವೆದ ಒಂದು ತಗ್ಗು ಉಂಟು. ಅದನ್ನು ಉಜ್ಜಿ ಸಮ ಮಾಡಲಿಲ್ಲ. ಕೂತವರ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ.

ಗೋಡೆಯ ಬಣ್ಣಕ್ಕೆ ತುಂಬ ಸಮಯ ಹಿಡಿಯಿತು, ಹಿಡಿಯಬೇಕಾದ್ದೇ. ಶೇಡ್ ಕಾರ್ಡಿನ ಸಣ್ಣ ಚೌಕ ನೋಡಿ ಇಡೀ ಗೋಡೆಯನ್ನು ಊಹಿಸಲಿಕ್ಕೆ ಆಗುವುದಿಲ್ಲ. ದೊಡ್ಡ ರಟ್ಟುಗಳಿಗೆ ಬಣ್ಣ ಬಳಿದು ಕೋಣೆಯಿಂದ ಕೋಣೆಗೆ ಒಯ್ದು ಇಟ್ಟು ನೋಡಿದೆ. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಾಕಿದ ಮೇಲೆ. ಆಗ ಒಂದು ಸಂಗತಿ ತಿಳಿಯಿತು. ನಮ್ಮ ಕಿಟಕಿಗಳ ಹೊರಗೆ ಅಡಿಕೆ ತೋಟ. ಒಳಗೆ ಬರುವ ಬೆಳಕು ಆ ಹಸಿರಿಗೆ ತಾಗಿಯೇ ಬರುತ್ತದೆ. ಪೂರ್ತಿ ಬಿಳಿ ಗೋಡೆ ಮೋಡದ ದಿನ ಹಸಿರು ಮಿಶ್ರಿತ ಬೂದು ಆಗಿ ಕಾಣುತ್ತದೆ. ಬೂದು ಬಣ್ಣವಂತೂ ಕೋಣೆಯನ್ನೇ ಕತ್ತಲೆ ಮಾಡುತ್ತದೆ. ಸ್ವಲ್ಪ ಹಳದಿ ಬೆರೆತ ಬಿಳಿ ಮಾತ್ರ ಎಲ್ಲ ಹೊತ್ತಿಗೂ ಬಿಳಿಯಾಗಿಯೇ ಉಳಿಯಿತು. ತೋಟದ ನಡುವೆ ಮನೆ ಇರುವವರು ಇದನ್ನು ಖಂಡಿತ ಪರೀಕ್ಷೆ ಮಾಡಿ ನೋಡಿ.

ದೀಪದ್ದೂ ಅದೇ ಕಥೆ. ಬಲ್ಬಿನ ಪ್ಯಾಕೆಟ್ ಮೇಲೆ 6500 ಕೆಲ್ವಿನ್ ಅಂತ ಇದ್ದರೆ ನೀಲಿ ಛಾಯೆಯ ಬಿಳಿ ಬೆಳಕು. ಅದರ ಕೆಳಗೆ ಕಾವಿ ನೆಲ, ಮರ ಎರಡೂ ಜೀವ ಇಲ್ಲದ ಹಾಗೆ ಕಾಣುತ್ತವೆ. ಜಗಲಿಗೆ, ನಡುಮನೆಗೆ, ಹಾಲ್‌ಗೆ 2700 ಕೆಲ್ವಿನ್‌ನ ಹಳದಿ ಬೆಳಕು ಹಾಕಿದೆವು. ತರಕಾರಿ ಹೆಚ್ಚುವಲ್ಲಿ, ಮಕ್ಕಳು ಓದುವಲ್ಲಿ 4000.

ಎರಡೂ ಭಾಗವನ್ನು ಜೋಡಿಸಿದ್ದು ಮಾತ್ರ ಒಂದು ಗೆರೆ. ಹಳೆಯ ಭಾಗದಲ್ಲಿ ಗೋಡೆಯ ಬುಡಕ್ಕೆ ಸುತ್ತಲೂ ಗೇಣು ಎತ್ತರದ ಕೆಂಪು ಪಟ್ಟಿ ಉಂಟು. ನೆಲ ಒರೆಸುವಾಗ ನೀರು ಸಿಡಿದರೆ ಗೋಡೆ ಕೊಳೆಯಾಗದಿರಲಿ ಅಂತ ಹಿಂದಿನವರು ಮಾಡುತ್ತಿದ್ದದ್ದು. ಅದೇ ಎತ್ತರಕ್ಕೆ ದಾರ ಹಿಡಿದು, ಅದೇ ಕೆಂಪನ್ನು ಹೊಸ ಭಾಗದ ಗೋಡೆಗಳಿಗೂ ಎಳೆದೆವು. ಟೈಲ್ಸ್ ಕೀಳಿಸಲಿಲ್ಲ. ಅಷ್ಟು ಗಟ್ಟಿ ಇರುವ ನೆಲವನ್ನು ಒಡೆಸುವುದು ನನಗೆ ಸರಿ ಕಾಣಲಿಲ್ಲ. ಬಿಳಿ ನೆಲದ ಮೇಲೆ ಮುಂಡೇವಿನ (ಕೇದಗೆ ಜಾತಿಯ ಗಿಡದ) ಓಲೆ ಚಾಪೆಗಳನ್ನು ಹಾಸಿದೆ. ಈಗ ನಡುಮನೆಯಲ್ಲಿ ನಿಂತು ಹಾಲ್ ಕಡೆ ನೋಡಿದರೆ ಕೆಂಪು ಗೆರೆಯ ಹಿಂದೆಯೇ ಕಣ್ಣು ಒಳಗೆ ಹೋಗುತ್ತದೆ. ಮೇಸ್ತ್ರಿಗಳು ಹಾಲ್‌ಗೆ ಕೆಂಪುಕಲ್ಲಿನ ಚಿತ್ರದ ವಾಲ್‌ಪೇಪರ್ ಅಂಟಿಸುವ ಸಲಹೆಯನ್ನೂ ಕೊಟ್ಟಿದ್ದರು. ಬೇಕಲ ಕೋಟೆಯಿಂದ ಹಿಡಿದು ನಮ್ಮ ಬಾವಿಕಟ್ಟೆಯ ತನಕ ಈ ಊರಲ್ಲಿ ಎಲ್ಲವೂ ನಿಜವಾದ ಕೆಂಪುಕಲ್ಲೇ. ಅದರ ಚಿತ್ರ ನಮಗೆ ಯಾಕೆ?

ಇನ್ನೊಂದು ಪರೀಕ್ಷೆ ಮಳೆಯದ್ದು. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೋರು ಮಳೆಯ ಆಟಿ ತಿಂಗಳಲ್ಲಿ ಬೂಸ್ಟು ಹಿಡಿಯುವ ವಸ್ತು ಎಷ್ಟು ಚಂದ ಇದ್ದರೂ ನಮ್ಮ ಶೈಲಿಗೆ ಸೇರುವುದಿಲ್ಲ. ವೆಲ್ವೆಟ್, ದಪ್ಪ ಕಾರ್ಪೆಟ್, ರೆಕ್ಸಿನ್ ಇವನ್ನೆಲ್ಲ ಹಾಗೆಯೇ ಬಿಟ್ಟೆ. ಕಪಾಟುಗಳನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದಿಟ್ಟೆ, ಹಿಂದೆ ಗಾಳಿ ಆಡಬೇಕು. ಫೋಟೋಗಳ ಹಿಂದೆ ನಾಲ್ಕು ಮೂಲೆಗೂ ಕಾರ್ಕಿನ ಬಿಲ್ಲೆ ಅಂಟಿಸಿದೆ. ಚಾಪೆಗಳನ್ನು ಮಳೆಗಾಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕುತ್ತೇವೆ.

ಗೋಡೆಗೆ ಎಂತ ತೂಗಿಸುವುದು ಅನ್ನುವ ಪ್ರಶ್ನೆಗೆ ನನ್ನದು ಒಂದೇ ನಿಯಮ. ಅದರ ಬಗ್ಗೆ ಮನೆಯಲ್ಲಿ ಯಾರಿಗಾದರೂ ಹೇಳಲಿಕ್ಕೆ ಮಾತು ಇರಬೇಕು. ಕಥಕ್ಕಳಿಯ ಮುಖ, ಯಕ್ಷಗಾನದ ಕಿರೀಟ ಎರಡೂ ಅಂಗಡಿಯಲ್ಲಿ ಸಿಗುತ್ತವೆ. ನಾವು ತರಲಿಲ್ಲ. ಇವರು ತಾಳಮದ್ದಳೆಗೆ ಹೋಗುವವರು, ಮನೆಯಲ್ಲಿ ಮದ್ದಳೆ ಉಂಟು. ಹಾಲ್‌ನ ಮೂಲೆಯಲ್ಲಿ ತಗ್ಗಾದ ಸ್ಟೂಲಿನ ಮೇಲೆ ಅದೇ ಇದೆ. ಸಂಜೆ ಬೇಕಾದಾಗ ಕೈಗೆ ಬರುತ್ತದೆ. ಪಸೆಗೆ ಚರ್ಮ ಸಡಿಲಾಗುವ ತಿಂಗಳುಗಳಲ್ಲಿ ಮಾತ್ರ ಒಲೆಯ ಶಾಖ ಇರುವ ಅಡಿಗೆಮನೆಯ ಪಕ್ಕದ ಕೋಣೆಗೆ ಹೋಗುತ್ತದೆ.

ಅಡಿಗೆಮನೆಯ ಕೆಲಸ ಇನ್ನೂ ಬಾಕಿ ಉಂಟು. ಸಿಂಕಿನ ಅಡಿಗೆ ಮಲ್ಟಿವುಡ್ (ಪಿವಿಸಿ ಹಲಗೆ) ಅಂತ ತೀರ್ಮಾನ ಮಾಡಿದ್ದೇವೆ, ನೀರು ತಾಗುವಲ್ಲಿ ಮರದ ಹಟ ಬೇಡ. ಮೇಲೆ ಬಾಗಿಲಿಲ್ಲದ ಹಲಸಿನ ಹಲಗೆ, ಅದರಲ್ಲಿ ಉಪ್ಪಿನಕಾಯಿ ಭರಣಿಗಳು ಸಾಲಾಗಿ. ಹಲಗೆ ಕೊಯ್ಸಿ ಅಟ್ಟದಲ್ಲಿ ಒಣಗಲಿಕ್ಕೆ ಇಟ್ಟಾಗಿದೆ. ದೀಪಾವಳಿ ಕಳೆದ ಮೇಲೆ ಬರುತ್ತೇನೆ ಅಂತ ಆಚಾರ್ರು ಹೇಳಿದ್ದಾರೆ. ಹಲಗೆಗಳ ಎತ್ತರ ಅತ್ತೆಯ ಕೈಗೆ ಎಟುಕುವ ಹಾಗೆ ಅಂತ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿ ಇಟ್ಟಿದ್ದೇನೆ.