ಆರಾಧನೆ ಮುಗಿದ ಮೇಲೆ ಬಿ.ಪಿ. ಮೇಜು: ಸಭೆಯಲ್ಲಿ ಆರೋಗ್ಯ ಸೇವೆ ಶುರು ಮಾಡುವ ಬಗೆ

ಚರ್ಚುಗಳಲ್ಲಿ ಆರೋಗ್ಯ ಸೇವೆ ಹೇಗೆ ಶುರುವಾಗುತ್ತದೆ ಅಂತ ಸಾಕಷ್ಟು ನೋಡಿದ್ದೇನೆ. ಸುಗ್ಗಿ ಹಬ್ಬದ ದಿನ ಶಾಮಿಯಾನ, ಬ್ಯಾನರ್, ಡಾಕ್ಟರಿಗೆ ಶಾಲು, ಸಾಲಾಗಿ ನಿಂತವರಿಗೆಲ್ಲ ಬಿ.ಪಿ. ಚೆಕ್, ಕೈಗೊಂದು ವಿಟಮಿನ್ ಮಾತ್ರೆ ಪಟ್ಟಿ. ಸೋಮವಾರ ಯಾರ ಬಿ.ಪಿ. ಜಾಸ್ತಿ ಇತ್ತು ಅಂತ ಕೇಳಿದರೆ ಬರೆದುಕೊಂಡ ಹಾಳೆಯೇ ಸಿಗುವುದಿಲ್ಲ. ಸ್ಟಾಫ್ ನರ್ಸ್ ಆಗಿ ನಿವೃತ್ತಳಾದ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ಸಭೆಗೊಬ್ಬ ನರ್ಸ್, ಅಂದರೆ ಒಂದು ಚರ್ಚಿನ ಜನಕ್ಕೆ ಒಬ್ಬ ನರ್ಸ್, ಎಂಬ ಯೋಚನೆಗೆ ರೂಪ ಕೊಟ್ಟವರು ಅಮೆರಿಕದ ಲೂಥರನ್ ಪಾದ್ರಿ ಗ್ರೇಂಜರ್ ವೆಸ್ಟ್‌ಬರ್ಗ್. 1980ರ ದಶಕದಲ್ಲಿ ಶಿಕಾಗೋ ಕಡೆ ಆರು ನರ್ಸುಗಳಿಂದ ಶುರುವಾಯಿತು. ಜನರ ಮಾತು ಕೇಳಿಸಿಕೊಳ್ಳುವುದು, ತಿಳಿಹೇಳುವುದು, ಸರಿಯಾದ ಕಡೆ ಕಳಿಸುವುದು, ಇಷ್ಟೇ ಅವರ ಕೆಲಸ. ನಮ್ಮಲ್ಲಿ ಮಂಗಳೂರಿನ ಫಾದರ್ ಮುಲ್ಲರ್ (1880), ಬೆಂಗಳೂರಿನ ಸೇಂಟ್ ಮಾರ್ಥಾಸ್ (1886) ಇಂಥ ಆಸ್ಪತ್ರೆಗಳನ್ನು ನೋಡಿಕೊಂಡು ಬಂದವರಿಗೆ ಚರ್ಚಿನ ಸೇವೆ ಅಂದರೆ ಆಸ್ಪತ್ರೆಯೇ. ಅದಕ್ಕೇ ಏನೋ, ಒಂದು ಮೇಜು ಹಾಕಿದ ಕೂಡಲೇ ಜನ ಮಾತ್ರೆ ಕೇಳುತ್ತಾರೆ.

1. ಒಪ್ಪಿಗೆ. ಅಯ್ಯನವರಿಗೆ (ಸಭೆಯ ಪಾದ್ರಿಗೆ) ಹೇಳಿ, ಸಭಾ ಸಮಿತಿಯ ನಡಾವಳಿ ಪುಸ್ತಕದಲ್ಲಿ ಬರೆಸಿಕೊಳ್ಳಿ.

2. ಜನ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಇರುವ ನರ್ಸ್ ಒಬ್ಬರಾದರೂ ಇರಲಿ. ಜೊತೆಗೆ ಸ್ತ್ರೀಯರ ಕೂಟದಿಂದ ಇಬ್ಬರು. ಅವರಿಗೆ ಓದಿಗಿಂತ ಬಾಯಿ ಬಿಗಿ ಮುಖ್ಯ. ಡಾಕ್ಟರನ್ನು ಮುಖ್ಯಸ್ಥರನ್ನಾಗಿ ಮಾಡಬೇಡಿ. ಅವರು ಬರದ ಭಾನುವಾರ ಮೇಜೂ ಬರುವುದಿಲ್ಲ. ಸಂಶಯ ಬಂದಾಗ ಫೋನಿಗೆ ಸಿಗುವಂತಿದ್ದರೆ ಸಾಕು.

3. ಸಾಮಾನು. ತೋಳಿಗೆ ಕಟ್ಟುವ ಡಿಜಿಟಲ್ ಬಿ.ಪಿ. ಮಷಿನ್ ಒಂದು, ಅದಕ್ಕೆ ಮಾಮೂಲಿ ಮತ್ತು ದೊಡ್ಡ ಅಳತೆಯ ಎರಡು ಪಟ್ಟಿ, ಬೀಗ ಹಾಕುವ ಪೆಟ್ಟಿಗೆ, ಒಂದು ರಿಜಿಸ್ಟರ್. ಮಣಿಕಟ್ಟಿಗೆ ಕಟ್ಟುವ ಮಷಿನ್ ಯಾರಾದರೂ ಕಾಣಿಕೆ ಕೊಟ್ಟರೆ ಥ್ಯಾಂಕ್ಸ್ ಹೇಳಿ ಒಳಗಿಡಿ. ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಅದು ಬೇರೆ ಲೆಕ್ಕ ಹೇಳುತ್ತದೆ. ಶುಗರ್ ಮೀಟರನ್ನು ಆರು ತಿಂಗಳು ಬಿಟ್ಟು ತಗೊಳ್ಳಿ. ಆಗಲೂ ಮೊದಲು ನಿಮ್ಮ ಊರಿನ ಮೆಡಿಕಲ್ ಶಾಪಿನಲ್ಲಿ ಯಾವ ಕಂಪನಿಯ ಸ್ಟ್ರಿಪ್ ಸದಾ ಸಿಗುತ್ತದೆ ಅಂತ ಕೇಳಿ. ಪುಕ್ಕಟೆ ಬಂದ ಮೀಟರ್, ಸಿಗದ ಸ್ಟ್ರಿಪ್: ಎಷ್ಟು ಮನೆಗಳಲ್ಲಿ ನೋಡಿಲ್ಲ!

4. ಬಿ.ಪಿ. ನೋಡುವುದು. ಎಲ್ಲರೂ ಎಡವುವುದು ಇಲ್ಲೇ. ಬಟನ್ ಒತ್ತಿದರೆ ಅಂಕಿ ಬರುತ್ತದೆ ನಿಜ, ಆದರೆ ಯಾವ ಅಂಕಿ? ಈಗಷ್ಟೇ ಗಾಯನ ಮಂಡಳಿಯಲ್ಲಿ ಗಂಟಲು ಬಿಟ್ಟು ಹಾಡಿ ಬಂದವರು, ಮೆಟ್ಟಿಲು ಹತ್ತಿ ಬಂದವರು, ಕೈಯಲ್ಲಿ ಕಾಫಿ ಲೋಟ ಹಿಡಿದವರು, ಇವರಿಗೆಲ್ಲ ನಿಂತ ನಿಲುವಿನಲ್ಲಿ ಪಟ್ಟಿ ಕಟ್ಟಿದರೆ ಅರ್ಧ ಸಭೆಗೆ ಬಿ.ಪಿ. ಇದೆ ಅನ್ನಬೇಕಾಗುತ್ತದೆ.

ಮೇಜನ್ನು ಕಾಫಿ ಕೊಡುವ ಜಾಗದಿಂದ ದೂರ ಹಾಕಿ. ಸಂಡೇ ಸ್ಕೂಲ್ ಕೋಣೆ ಒಳ್ಳೆಯದು. ಕಾಫಿ ಕುಡಿದಿದ್ದರೆ, ಸಿಗರೇಟು ಸೇದಿದ್ದರೆ ಅರ್ಧ ಗಂಟೆ ಬಿಟ್ಟು ಬರಹೇಳಿ. ಮೂತ್ರಕ್ಕೆ ಹೋಗಬೇಕಿದ್ದರೆ ಹೋಗಿ ಬರಲಿ. ಆಮೇಲೆ ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ನೆ ಕೂರಬೇಕು. ಪಾದ ನೆಲಕ್ಕೆ ತಾಗಿರಲಿ, ಕಾಲ ಮೇಲೆ ಕಾಲು ಬೇಡ. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಪಟ್ಟಿ ಬರಿಯ ತೋಳಿಗೆ. ಸ್ವೆಟರ್ ಮೇಲೆ ಕಟ್ಟುವುದನ್ನೂ ನೋಡಿದ್ದೇನೆ, ಬಿಗಿ ತೋಳಿನ ರವಿಕೆಯನ್ನು ಮೇಲೆ ತುರುಕಿ ಅದರ ಕೆಳಗೆ ಕಟ್ಟುವುದನ್ನೂ ನೋಡಿದ್ದೇನೆ. ಎರಡೂ ತಪ್ಪು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿ.ಪಿ. ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಮಷಿನ್ ಓಡುವಾಗ ಮಾತು ಬೇಡ, ‘ಮಗಳಿಗೆ ಗಂಡು ನೋಡಿದ್ರಾ ಅಕ್ಕ?’ ಅಂತೂ ಬೇಡವೇ ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡರ ಸರಾಸರಿ ಬರೆಯಿರಿ.

ಹೀಗೆ ಮಾಡಿದರೆ ಒಂದು ಭಾನುವಾರಕ್ಕೆ ಹತ್ತು ಜನ ಆದರೆ ಹೆಚ್ಚು. ಆಗಲಿ ಬಿಡಿ.

140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ‘ನಿಮಗೆ ಬಿ.ಪಿ. ಇದೆ’ ಅನ್ನಬೇಡಿ. ಅದು ಡಾಕ್ಟರ್ ಹೇಳುವ ಮಾತು. ಇನ್ನೆರಡು ಭಾನುವಾರ ನೋಡಿ, ಹಾಗೇ ಇದ್ದರೆ ಚೀಟಿ ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. 160/100 ದಾಟಿದ್ದರೆ ಆ ವಾರವೇ ಹೋಗಲಿ. 180/120 ಮುಟ್ಟಿದ್ದರೆ ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಇಳಿಯದಿದ್ದರೆ ಅದೇ ದಿನ ಡಾಕ್ಟರ್ ಹತ್ತಿರ. ಎದೆನೋವು, ಉಬ್ಬಸ, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು ಇದ್ದರೆ ಮತ್ತೆ ನೋಡುತ್ತಾ ಕೂರದೆ 108ಕ್ಕೆ ಫೋನ್ ಮಾಡಿ.

5. ರಿಜಿಸ್ಟರ್ ಮತ್ತು ಬಾಯಿ. ಹೆಸರು, ತಾರೀಕು, ಅಂಕಿ, ಎಲ್ಲಿಗೆ ಕಳಿಸಿದಿರಿ. ಕೊನೆಗೆ ‘ಹೋದರಾ?’ ಎಂಬ ಕಾಲಂ. ನನ್ನ ಪ್ರಕಾರ ಸೇವೆ ಅಂದರೆ ಈ ಕೊನೆಯ ಕಾಲಂ. ಬುಧವಾರ ಒಂದು ಫೋನ್. ಹೋಗಿಲ್ಲ ಅಂದರೆ ಯಾಕೆ ಅಂತ ಕೇಳಿ. ದಿನದ ಕೂಲಿ ತಪ್ಪುತ್ತದೆ ಅಂತಲೋ, ಕರಕೊಂಡು ಹೋಗುವವರಿಲ್ಲ ಅಂತಲೋ ಹೇಳುತ್ತಾರೆ. ಜೊತೆಗೆ ಹೋಗಲು ಯುವಜನರಲ್ಲಿ ಒಬ್ಬರನ್ನು ಹಚ್ಚಿ.

ರಿಜಿಸ್ಟರ್ ಪೆಟ್ಟಿಗೆಯೊಳಗೆ, ಬೀಗದ ಕೈ ನರ್ಸ್ ಹತ್ತಿರ. ಸಮಿತಿಗೆ ಎಷ್ಟು ಜನ ಬಂದರು ಅನ್ನುವ ಲೆಕ್ಕ ಮಾತ್ರ. ಇನ್ನೊಂದು ದೊಡ್ಡ ಅಪಾಯ ಪ್ರಾರ್ಥನೆಯದು. ಒಂದು ಸಭೆಯಲ್ಲಿ ಒಬ್ಬ ಹೆಂಗಸು ಗರ್ಭಕೋಶದ ತೊಂದರೆಯನ್ನು ಮೇಜಿನ ಹತ್ತಿರ ಗುಟ್ಟಾಗಿ ಹೇಳಿಕೊಂಡಳು. ಮುಂದಿನ ಭಾನುವಾರ ಮೈಕಿನಲ್ಲಿ ಹೆಸರು, ಕಾಯಿಲೆ ಎರಡೂ ಹೇಳಿ ಪ್ರಾರ್ಥಿಸಿದರು. ಒಳ್ಳೆಯ ಮನಸ್ಸಿನಿಂದಲೇ. ಆಕೆ ಮತ್ತೆ ಮೇಜಿನ ಕಡೆ ಬರಲಿಲ್ಲ, ಆಕೆಯ ಓರಗಿತ್ತಿಯರೂ ಬರಲಿಲ್ಲ. ‘ನಿಮಗಾಗಿ ಪ್ರಾರ್ಥಿಸಬಹುದಾ, ಹೆಸರು ಹೇಳಬಹುದಾ?’ ಎಂದು ಎರಡನ್ನೂ ಬೇರೆ ಬೇರೆ ಕೇಳಿ. ವಾಟ್ಸಾಪ್ ಗುಂಪಿನಲ್ಲಂತೂ ಯಾರ ಕಾಯಿಲೆಯೂ ಬೇಡ.

ಮನಸ್ಸಿಗೆ ಕಷ್ಟ ಅಂತ ಬಂದವರಿಗೆ ಬೈಬಲ್ ವಚನ ಓದಿ ಕಳಿಸಿಬಿಡಬೇಡಿ. ಕೂತು ಕೇಳಿ. ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416 ಮೇಜಿನ ಮೇಲೆ ಬರೆದಿಟ್ಟಿರಿ.

6. ಮಾತ್ರೆ ಇಡಬೇಡಿ. ಒಂದೂ ಬೇಡ. ಕಂಪನಿಯವರು ಕೊಟ್ಟ ಸ್ಯಾಂಪಲ್, ತೀರಿಹೋದ ಅಜ್ಜನ ಉಳಿದ ಮಾತ್ರೆ, ಎಲ್ಲ ನಿಮ್ಮ ಮೇಜಿಗೇ ಬರುತ್ತವೆ. ತಗೊಳ್ಳಬೇಡಿ. ದುಡ್ಡಿಲ್ಲದವರಿಗೆ ಸರ್ಕಾರಿ ಆಸ್ಪತ್ರೆ, ಜನೌಷಧಿ ಅಂಗಡಿಯ ದಾರಿ ತೋರಿಸಿ.

ಶ್ರಮಕಾಲ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು, ಬಂದಾಗ ಮಾತ್ರ ಸಕ್ಕರೆ ಡಬ್ಬ ಒಂದಿರಲಿ. ಶುಭ ಶುಕ್ರವಾರ ಹನ್ನೆರಡರಿಂದ ಮೂರರ ತನಕ ಆರಾಧನೆ. ಸಕ್ಕರೆ ಕಾಯಿಲೆಯವರು ಬೆಳಿಗ್ಗೆ ಗ್ಲಿಮೆಪಿರೈಡ್ ಥರದ ಶುಗರ್ ಇಳಿಸುವ ಮಾತ್ರೆ ನುಂಗಿ, ಉಪವಾಸ ಅಂತ ತಿಂಡಿ ಬಿಟ್ಟು ಬಂದು ಕೂರುತ್ತಾರೆ. ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಧ್ಯಾನ ಐದನೆಯದಕ್ಕೆ ಬರುವ ಹೊತ್ತಿಗೆ ಬೆವರು, ನಡುಕ. ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108. ಡಾಕ್ಟರನ್ನು ಕೇಳದೆ ಸಕ್ಕರೆ ಕಾಯಿಲೆಯವರು ಉಪವಾಸ ಮಾಡಬಾರದು, ತಾವಾಗೇ ಮಾತ್ರೆ ಬಿಡಲೂಬಾರದು. ಇದನ್ನು ನೀವು ಹೇಳಿದರೆ ಹಿರಿಯರು ನಕ್ಕು ಸುಮ್ಮನಾಗುತ್ತಾರೆ. ಅಯ್ಯನವರ ಬಾಯಿಂದ ಹೇಳಿಸಿ, ಶುಭ ಶುಕ್ರವಾರಕ್ಕೆ ಮುಂಚಿನ ಗರಿಗಳ ಭಾನುವಾರದ ಪ್ರಕಟಣೆಯಲ್ಲೇ.