ಮಾಣಿಕ್ಯದ ಒಡವೆ ಮಾಡಿಸುವ ಮುನ್ನ

ಕೆಂಪಿನ ಓಲೆ, ಕೆಂಪಿನ ಉಂಗುರ ಎನ್ನುವಾಗ ‘ಕೆಂಪು’ ಎಂದರೆ ಮಾಣಿಕ್ಯ. ಅಲ್ಯುಮಿನಿಯಂ ಆಕ್ಸೈಡಿನ ಹರಳಿಗೆ ತುಸು ಕ್ರೋಮಿಯಂ ಸೇರಿ ಆ ಬಣ್ಣ ಬಂದಿರುತ್ತದೆ. ಖನಿಜಗಳ ಗಡಸುತನ ಅಳೆಯುವ, ವಜ್ರಕ್ಕೆ 10 ಕೊಡುವ ಮೋಸ್ ಮಾಪಕದಲ್ಲಿ ಇದಕ್ಕೆ 9. ದಿನವೂ ತೊಡುವ ಉಂಗುರದಲ್ಲೂ ಒಳ್ಳೆಯ ಹರಳು ಬಾಳುತ್ತದೆ.

ಮೊದಲು ಬಿಡಿ ಹರಳನ್ನು ತೂಗಿ ನೋಡಿ. ಗಾಳಿಯಲ್ಲಿ 2.00 ಕ್ಯಾರೆಟ್ ಇದ್ದದ್ದು, ಸಣ್ಣ ದಾರದಲ್ಲಿ ನೀರಿಗೆ ಇಳಿಬಿಟ್ಟಾಗ 1.50 ತೂಗಿದರೆ ವ್ಯತ್ಯಾಸ 0.50, ಗಾಳಿಯಲ್ಲಿನ ತೂಕ 2.00 ಅನ್ನು ಅದರಿಂದ ಭಾಗಿಸಿದರೆ 4. ಇದು ಮಾಣಿಕ್ಯದ ಸಾಂದ್ರತೆ. ಮಾಣಿಕ್ಯದಂತೆಯೇ ಕಾಣುವ ಬೇರೊಂದು ಹರಳಾದ ಸ್ಪೈನೆಲ್ ಆಗಿದ್ದರೆ 3.6ರ ಸುತ್ತ ಬರುತ್ತದೆ. ಬ್ರಿಟಿಷ್ ಕಿರೀಟದಲ್ಲಿ ಮಾಣಿಕ್ಯವೆಂದೇ ಹೆಸರಾದ ದೊಡ್ಡ ಕೆಂಪು ಹರಳು ನಿಜಕ್ಕೂ ಸ್ಪೈನೆಲ್. ಹರಳಿಗೆ ಗಾಳಿಗುಳ್ಳೆ ಅಂಟಿದರೆ ಲೆಕ್ಕ ತಪ್ಪುತ್ತದೆ, ನೀರಿಗೆ ಒಂದು ಹನಿ ಸೋಪು ಬೆರೆಸಿ. ಕೆಂಪಾಗಿಯೇ ಕಾಣುವ ಕೆಲವು ಗಾರ್ನೆಟ್‌ಗಳೂ 4ರ ಹತ್ತಿರವೇ ಬರುತ್ತವೆ, ಕಾರ್ಖಾನೆಯ ಮಾಣಿಕ್ಯವಂತೂ ಸರಿಯಾಗಿ 4. ಹಾಗಾಗಿ ತೂಕವೊಂದನ್ನೇ ನಂಬಬೇಡಿ.

10 ಪಟ್ಟು ಹಿಗ್ಗಿಸುವ ಲೂಪ್ ಹಿಡಿಯಿರಿ. ಒಳಗೆ ಬಾಗಿದ ಗೆರೆಗಳು, ದುಂಡು ಗುಳ್ಳೆಗಳು ಕಂಡರೆ ಅದು ಜ್ವಾಲೆಯಲ್ಲಿ ಕರಗಿಸಿ ಬೆಳೆಸಿದ ಹರಳು. ಗಣಿಯ ಹರಳಿನಲ್ಲಿ ಗೆರೆಗಳು ನೇರ. ರೇಷ್ಮೆಯಂಥ ಸಣ್ಣ ಸೂಜಿಗಳು ಒಂದನ್ನೊಂದು ಹಾಯ್ದಿರುವುದೂ ಉಂಟು.

ಇಷ್ಟರಲ್ಲಿ ಪಾಸಾದರೂ ಒಂದು ದೊಡ್ಡ ಮೋಸ ಉಳಿದಿರುತ್ತದೆ: ಬಿರುಕುಗಳಲ್ಲಿ ಸೀಸದ ಗಾಜು ತುಂಬಿದ ಕಳಪೆ ಮಾಣಿಕ್ಯ. ಹರಳನ್ನು ನಿಧಾನವಾಗಿ ಓಲಾಡಿಸಿ. ಬಿರುಕಿನ ಜಾಗದಲ್ಲಿ ನೀಲಿ ಮಿಂಚು ಹೊಳೆದರೆ, ಚಪ್ಪಟೆ ಗುಳ್ಳೆ ಕಂಡರೆ ಗಾಜಿದೆ ಎಂದೇ ತಿಳಿಯಿರಿ. ಕ್ಯಾರೆಟ್ ಲೆಕ್ಕದಲ್ಲಿ ನೀವು ದುಡ್ಡು ಕೊಡುವುದು ಆ ಗಾಜಿಗೂ. ನಿಂಬೆರಸ ತಾಗಿದರೂ ಗಾಜು ಸವೆದು ಬಿಳಿ ಗೆರೆಗಳು ಏಳುತ್ತವೆ. ಅಕ್ಕಸಾಲಿಗರು ಬೆಸುಗೆಯ ನಂತರ ಒಡವೆ ಅದ್ದುವ ಆಸಿಡ್‌ನಲ್ಲಿ ಹರಳೇ ಹಾಳು. ಬರೀ ಕಾಯಿಸಿ ಬಣ್ಣ ತಿದ್ದಿದ ಮಾಣಿಕ್ಯಕ್ಕೆ ಈ ಭಯವಿಲ್ಲ, ಆ ಪದ್ಧತಿಯನ್ನು ವ್ಯಾಪಾರ ಒಪ್ಪಿದೆ. ಬಿಲ್ಲಿನಲ್ಲಿ ‘ಕಾಯಿಸಿದ್ದು’ ಅಥವಾ ‘ಗಾಜು ತುಂಬಿದ್ದು’ ಎಂದು ಬರೆಸಿಕೊಳ್ಳಿ. ದುಬಾರಿ ಹರಳಿಗೆ ಲ್ಯಾಬ್ ವರದಿ ಇಲ್ಲದೆ ಹಣ ಕೊಡಬೇಡಿ.

ಕೂರಿಸುವಾಗ ಹಿಂಬದಿ ತೆರೆದಿರಲಿ. ಬೆಳಕು ಹಾಯುತ್ತದೆ, ಕೊಳೆ ತೆಗೆಯಲೂ ಸುಲಭ. ಉಂಗುರದ ಅಳತೆ ತಿದ್ದಿಸುವಾಗ ಹರಳು ಬಿಚ್ಚಿಯೇ ಬೆಸುಗೆ ಹಾಕಿಸಿ.

ತೊಳೆಯಲು ಉಗುರುಬೆಚ್ಚಗಿನ ಸೋಪುನೀರು, ಮೆತ್ತನೆಯ ಬ್ರಷ್ ಸಾಕು. ಹಿಂದೆ ತಗಡು ಇಟ್ಟು ಮುಚ್ಚಿ ಕೂರಿಸಿದ ಅಜ್ಜಿಯ ಕಾಲದ ಓಲೆಯನ್ನು ಮಾತ್ರ ನೀರಿಗೆ ಹಾಕಲೇಬೇಡಿ. ನೀರು ಒಳಸೇರಿದರೆ ತಗಡು ಕಪ್ಪಾಗಿ ಕೆಂಪು ಮಂಕಾಗುತ್ತದೆ. ಅದನ್ನು ಒಣಬಟ್ಟೆಯಲ್ಲಿ ಒರೆಸಿ, ಮುತ್ತಿಗೆ ತಾಗದಂತೆ ಬೇರೆ ಡಬ್ಬಿಯಲ್ಲಿಡಿ.