ಕಲಬುರಗಿಯಿಂದ ಪಣಜಿಗೆ: ಬೀಚ್ ಬಿಟ್ಟು ಊರು ನೋಡುವವರಿಗೆ

ಗೋವಾಕ್ಕೆ ಹೊರಟಿದ್ದೇನೆ ಅಂದರೆ ಸಾಕು, ಕಲಬುರಗಿಯಲ್ಲಿ ಎಲ್ಲರೂ ಕೇಳುವುದು ಒಂದೇ: ಯಾವ ಬೀಚು? ಬಾಗಾ, ಕಲಂಗುಟ್ ಬಗ್ಗೆ ಹೇಳುವುದಕ್ಕೆ ಬೇಕಾದಷ್ಟು ಜನ ಇದ್ದಾರೆ, ಅದನ್ನು ಅವರಿಗೇ ಬಿಡಿ. ನಾನು ಹೇಳುವುದು ಪಣಜಿ ಮತ್ತು ಅಲ್ಲಿಂದ ಸುಮಾರು 10 ಕಿಲೋಮೀಟರ್ ದೂರದ ಹಳೇ ಗೋವಾ ಬಗ್ಗೆ. ಪೋರ್ಚುಗೀಸರು 1510ರಿಂದ 1961ರ ತನಕ ಕೂತಿದ್ದ ಜಾಗ. ನಮ್ಮ ಕಡೆಯಿಂದ ಹೋಗುವವರು ಇವೆರಡನ್ನು ಅರ್ಧ ದಿನದಲ್ಲಿ ಮುಗಿಸಿ, ಚರ್ಚ್ ಮುಂದೆ ನಾಲ್ಕು ಫೋಟೋ ತೆಗೆದು, ಮತ್ತೆ ನೀರಿಗೆ ಇಳಿಯುತ್ತಾರೆ. ನನ್ನ ಮಾತು ಕೇಳುವುದಾದರೆ ಇದನ್ನು ತಿರುಗಾ ಮುರುಗಾ ಮಾಡಿ. ಬೀಚಿಗೆ ಒಂದು ಸಂಜೆ ಸಾಕು, ಪಣಜಿಯಿಂದ ಮಿರಾಮಾರ್ ಹತ್ತಿರವೇ ಇದೆ.

ಯಾಕೆ ಅಂದರೆ ಆ ಊರಿನ ಕಥೆಯ ಒಂದು ತುದಿ ನಮ್ಮಲ್ಲೇ ಇದೆ. ಬೀದರ್‌ನ ಮದರಸಾ ನೋಡಿದ್ದೀರಲ್ಲ, ಅದನ್ನು ಕಟ್ಟಿಸಿದ ಮಹಮೂದ್ ಗವಾನ್ 1472ರಲ್ಲಿ ವಿಜಯನಗರದವರ ಕೈಯಿಂದ ಗೋವಾ ಕಸಿದು ಬಹಮನಿ ರಾಜ್ಯಕ್ಕೆ ಸೇರಿಸಿದ. ಅರಬ್ಬೀ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ಬಂದರು ಅದು, ಕುದುರೆ ಇಲ್ಲದೆ ಆಗ ಯುದ್ಧವೇ ಇಲ್ಲ. ಬಹಮನಿ ರಾಜ್ಯ ಒಡೆದ ಮೇಲೆ ಗೋವಾ ವಿಜಯಪುರದ ಆದಿಲ್‌ಶಾಹಿಗಳ ಪಾಲಾಯಿತು. ಅವರಿಂದಲೇ ಪೋರ್ಚುಗೀಸರ ಅಫೋನ್ಸೊ ಡಿ ಅಲ್ಬುಕರ್ಕ್ ಅದನ್ನು ಕಿತ್ತುಕೊಂಡ. ಒಂದೇ ಏಟಿಗಲ್ಲ. 1510ರ ಶುರುವಿನಲ್ಲಿ ಹಿಡಿದ, ಕೆಲವೇ ತಿಂಗಳಲ್ಲಿ ಆದಿಲ್‌ಶಾಹಿ ಸೈನ್ಯ ಓಡಿಸಿತು, ಮತ್ತೆ ಬಂದು ನವೆಂಬರ್ 25ಕ್ಕೆ ಗೆದ್ದ. ಇಷ್ಟು ತಲೆಯಲ್ಲಿಟ್ಟುಕೊಂಡು ಹೋದರೆ ಅಲ್ಲಿನ ಕಲ್ಲು ಬೇರೆ ಥರ ಕಾಣುತ್ತದೆ.

ಯಾವಾಗ, ಹೇಗೆ

ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಮಕ್ಕಳಿಗೆ ರಜೆ ಇರುತ್ತದೆ ಅಂತ ನಮ್ಮವರು ಮೇ ತಿಂಗಳಲ್ಲಿ ಹೊರಡುತ್ತಾರೆ. ಕಲಬುರಗಿಯ 42 ಡಿಗ್ರಿ ತಡೆದುಕೊಂಡವರಿಗೆ ಗೋವಾದ ಬಿಸಿಲು ಏನು ಮಹಾ ಅನ್ನಿಸಬಹುದು, ಆದರೆ ನಮ್ಮದು ಒಣ ಬಿಸಿಲು, ನೆರಳಿಗೆ ಬಂದರೆ ಮುಗಿಯಿತು. ಅಲ್ಲಿ ನೆರಳಲ್ಲೂ ಬೆವರು ನಿಲ್ಲುವುದಿಲ್ಲ, ಅಂಗಿ ಮೈಗೆ ಅಂಟಿಕೊಂಡೇ ಇರುತ್ತದೆ. ನಡೆದು ನೋಡುವ ಊರಿಗೆ ಅದು ಸರಿಹೋಗುವುದಿಲ್ಲ. ಡಿಸೆಂಬರ್ ಕೊನೆಯ ವಾರ ಮಾತ್ರ ಬಿಡಿ, ರೂಮಿನ ಬಾಡಿಗೆ ಕೇಳಿದರೆ ಬಸ್ ಹತ್ತಿ ವಾಪಸ್ ಬರಬೇಕು ಅನ್ನಿಸುತ್ತದೆ. ನವೆಂಬರ್‌ನಲ್ಲಿ ಸಿನಿಮಾ ಉತ್ಸವ ನಡೆಯುವಾಗಲೂ ಪಣಜಿಯಲ್ಲಿ ರೂಮಿಗೆ ಕಷ್ಟ.

ಕಲಬುರಗಿಯಿಂದ ಹತ್ತಿರ ಹತ್ತಿರ 500 ಕಿಲೋಮೀಟರ್. ಜೇವರ್ಗಿ, ಸಿಂದಗಿ, ವಿಜಯಪುರ, ಬೆಳಗಾವಿ, ಆಮೇಲೆ ಘಟ್ಟ ಇಳಿಯುವುದು. ರಾತ್ರಿ ಬಸ್ಸೇ ಸರಿ. ನೇರ ಬಸ್ ಸಿಗದಿದ್ದರೆ ಬೆಳಗಾವಿ ತನಕ ಹೋಗಿ ಅಲ್ಲಿ ಬದಲಿಸಿ, ಅಲ್ಲಿಂದ ಪಣಜಿಗೆ ಬಸ್ಸಿಗೆ ಬರ ಇಲ್ಲ. ಬೀದರ್‌ನವರು ಕಲಬುರಗಿಗೆ ಬಂದು ಹಿಡಿಯಬಹುದು, ಶಹಾಪುರ ಕಡೆಯವರು ಜೇವರ್ಗಿಯಲ್ಲೇ ಈ ದಾರಿಗೆ ಸೇರಿಕೊಳ್ಳಬಹುದು. ಘಟ್ಟದ ತಿರುವಿನಲ್ಲಿ ಹೊಟ್ಟೆ ತೊಳಸುವವರು ಮುಂದಿನ ಸೀಟು ಹಿಡಿಯಿರಿ, ಹಿಂದಿನ ಸ್ಲೀಪರ್ ಬೇಡ. ಮಳೆಗಾಲವಾದರೆ ಘಟ್ಟದ ರಸ್ತೆ ತೆರೆದಿದೆಯಾ ಅಂತ ಮೊದಲು ವಿಚಾರಿಸಿ.

ರೈಲೇ ಬೇಕು ಅನ್ನುವವರು ಹುಬ್ಬಳ್ಳಿ ತನಕ ಹೋಗಿ ಅಲ್ಲಿಂದ ವಾಸ್ಕೊ ಕಡೆಯ ರೈಲು ಹತ್ತಬೇಕು. ಹಗಲಿನ ರೈಲು ನೋಡಿ ಬುಕ್ ಮಾಡಿ, ಕ್ಯಾಸಲ್‌ರಾಕ್ ದಾಟಿದ ಮೇಲೆ ದೂಧಸಾಗರದ ನೀರು ಹಳಿಯ ಪಕ್ಕದಲ್ಲೇ ಬೀಳುತ್ತದೆ. ಈ ಹಳಿ ಹಾಕಿದ್ದು 1880ರ ದಶಕದಲ್ಲಿ, ಆಗ ಕ್ಯಾಸಲ್‌ರಾಕ್ ಬ್ರಿಟಿಷರ ಸೀಮೆಯ ಕೊನೆಯ ಸ್ಟೇಷನ್. ಪಣಜಿ ಊರೊಳಗೆ ರೈಲ್ವೆ ಸ್ಟೇಷನ್ ಇಲ್ಲ, ಮಡಗಾಂವ್‌ನಲ್ಲಿ ಇಳಿದು ಬಸ್ ಹಿಡಿಯಿರಿ.

ಉಳಿಯುವುದು ಪಣಜಿಯಲ್ಲೇ ಉಳಿಯಿರಿ. ಬೀಚ್ ಕಡೆ ರೂಮ್ ಮಾಡಿಕೊಂಡು ದಿನಾ ಬಂದು ಹೋಗುತ್ತೇವೆ ಅಂದರೆ ಟ್ಯಾಕ್ಸಿಯವರಿಗೆ ಸಂಬಳ ಕೊಟ್ಟ ಹಾಗೆ ಆಗುತ್ತದೆ. ಓಲಾ, ಊಬರ್ ನಂಬಿಕೊಂಡು ಹೋಗಬೇಡಿ. ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡರೆ ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇದೆಯಾ ನೋಡಿ. ಬಿಳಿ ಪ್ಲೇಟಿನದು ಕಡಿಮೆಗೆ ಕೊಡುತ್ತೇನೆ ಅಂದರೂ ಬೇಡ, ಪೊಲೀಸರು ಹಿಡಿದರೆ ದಂಡ ಕಟ್ಟುವವರು ನೀವು. ಹೆಲ್ಮೆಟ್ ಕಲಬುರಗಿಯಲ್ಲಿ ಹಾಕದವರೂ ಅಲ್ಲಿ ಹಾಕಿಕೊಳ್ಳಿ.

ಹಳೇ ಗೋವಾ, ಬೆಳಿಗ್ಗೆಯೇ

ಪಣಜಿಯ ಬಸ್ ನಿಲ್ದಾಣದಿಂದ ಹಳೇ ಗೋವಾಕ್ಕೆ ಬಸ್ಸುಗಳು ಓಡುತ್ತಲೇ ಇರುತ್ತವೆ. ಗೋವಾದ ಸರ್ಕಾರಿ ಬಸ್ಸಿನ ಹೆಸರು ಕದಂಬ, ನಮ್ಮ ಕನ್ನಡದ ದೊರೆಗಳ ಹೆಸರೇ. ರೈಬಂದರ್ ಮೇಲೆ ಹೋಗುವ ಬಸ್ ಕೇಳಿ ಹತ್ತಿ. ಮಾಂಡೋವಿ ನದಿ ಪಕ್ಕದಲ್ಲೇ ಮೂರು ಕಿಲೋಮೀಟರಿನಷ್ಟು ಉದ್ದದ ಹಳೇ ಸೇತುವೆ ದಾರಿ ಸಿಗುತ್ತದೆ, 1630ರ ದಶಕದಲ್ಲಿ ಪೋರ್ಚುಗೀಸರು ಕಟ್ಟಿಸಿದ್ದು, ಅದರ ಮೇಲೆ ಇವತ್ತಿಗೂ ವಾಹನ ಓಡುತ್ತದೆ. ಎಡಗಡೆ ಕಿಟಕಿ ಹಿಡಿಯಿರಿ.

ಮೊದಲು ಬೊಮ್ ಜೀಸಸ್ ಬೆಸಿಲಿಕಾ. ಟೂರಿಸ್ಟ್ ಬಸ್ಸುಗಳು ಬರುವ ಮುಂಚೆ ಹೋದರೆ ಒಳಗೆ ನಿಶ್ಶಬ್ದ ಇರುತ್ತದೆ. 1594ರಲ್ಲಿ ಶುರುವಾಗಿ 1605ಕ್ಕೆ ಮುಗಿದ ಕಟ್ಟಡ. ಹೊರಗೋಡೆಗೆ ಗಾರೆ ಇಲ್ಲ, ಕಳೆದ ಶತಮಾನದಲ್ಲಿ ಅದನ್ನು ಕೆರೆದು ತೆಗೆದರು, ಹಾಗಾಗಿ ಒಳಗಿನ ಕೆಂಪು ಕಲ್ಲು ಬೆತ್ತಲೆ ಕಾಣುತ್ತದೆ. ಹತ್ತಿರ ಹೋಗಿ ಗಮನಿಸಿ: ಸಣ್ಣ ಸಣ್ಣ ತೂತು, ಒಂದೊಂದು ತೂತಿನಲ್ಲೂ ಹಳದಿ ಮಣ್ಣಿನ ಬಣ್ಣ, ಮಳೆ ಬಿದ್ದ ಕಡೆ ಕಪ್ಪು ಪಾಚಿ. ಬೀದರ್ ಕೋಟೆಯ ಕಂದಕಕ್ಕೆ ಇಳಿದವರಿಗೆ ಈ ಕಲ್ಲಿನ ಗುರುತು ಹೇಳಬೇಕಾಗಿಲ್ಲ. ಅದೇ ಜಂಬಿಟ್ಟಿಗೆ ಜಾತಿಯ ಕಲ್ಲು. ಒಳಗೆ ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹ ಬೆಳ್ಳಿಯ ಪೆಟ್ಟಿಗೆಯಲ್ಲಿದೆ. 1552ರಲ್ಲಿ ಚೀನಾದ ಹತ್ತಿರದ ಒಂದು ದ್ವೀಪದಲ್ಲಿ ತೀರಿಕೊಂಡವರು. ಪೆಟ್ಟಿಗೆ ಎತ್ತರದಲ್ಲಿದೆ, ಕೆಳಗಿನಿಂದ ದರ್ಶನ ಅಷ್ಟೇ. ಹತ್ತು ವರ್ಷಕ್ಕೊಮ್ಮೆ ಮಾತ್ರ ಕೆಳಗಿಳಿಸುತ್ತಾರೆ, ಕಳೆದ ಸಲ ಇಳಿಸಿದ್ದು 2024ರ ನವೆಂಬರ್‌ನಲ್ಲಿ. ಡಿಸೆಂಬರ್ 3ಕ್ಕೆ ಅವರ ಹಬ್ಬ. ಬಂದೇನವಾಜ್ ಉರುಸಿನ ಜನ ನೋಡಿದವರಿಗೂ ಆವತ್ತಿನ ಸಾಲು ಕಡಿಮೆ ಅನ್ನಿಸುವುದಿಲ್ಲ.

ಚರ್ಚಿನೊಳಗೆ ಚಪ್ಪಲಿ ಬಿಡಬೇಕಾಗಿಲ್ಲ. ನಮ್ಮವರು ಗುಡಿ, ದರ್ಗಾ ರೂಢಿಯಿಂದ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಿ, ವಾಪಸ್ ಬಂದು ಹುಡುಕುತ್ತಿರುತ್ತಾರೆ. ಆದರೆ ಟೋಪಿ ತೆಗೆಯಿರಿ, ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಪೂಜೆ ನಡೆಯುತ್ತಿದ್ದರೆ ಫೋಟೋ ಬೇಡ, ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ಎದ್ದು ಬನ್ನಿ. ಭಾನುವಾರ ಬೆಳಿಗ್ಗೆ ಪ್ರವಾಸಿಗಳಿಗೆ ಒಳ್ಳೆಯ ಹೊತ್ತಲ್ಲ.

ರಸ್ತೆ ದಾಟಿದರೆ ಸೆ ಕೆಥೆಡ್ರಲ್. ಅಲ್ಬುಕರ್ಕ್ ಗೆದ್ದ ದಿನ ಸಂತ ಕ್ಯಾಥರೀನ್ ಹಬ್ಬವಾಗಿತ್ತು ಅಂತ ಅವಳ ಹೆಸರಿಗೇ ಕಟ್ಟಿದ್ದು. ಎರಡು ಗೋಪುರ ಇದ್ದವು, 1776ರಲ್ಲಿ ಒಂದು ಬಿತ್ತು, ಮತ್ತೆ ಯಾರೂ ಎತ್ತಲಿಲ್ಲ. ಪಕ್ಕದ ಪುರಾತತ್ವ ಇಲಾಖೆಯ ಮ್ಯೂಸಿಯಂ ತೆರೆದಿರುವ ದಿನ ನೋಡಿಕೊಂಡು ಹೋಗಿ.

ಇಲ್ಲಿಂದ ಮುಂದೆ ಹೆಚ್ಚಿನವರು ಹೋಗುವುದಿಲ್ಲ, ನೀವು ಹೋಗಿ. ನದಿಯ ಕಡೆ ನಡೆದರೆ ವೈಸರಾಯ್ ಕಮಾನು, ಅದರ ಹತ್ತಿರದಲ್ಲೇ ಸಂತ ಕ್ಯಾಜೆಟನ್ ಚರ್ಚ್. ಆ ಚರ್ಚಿನ ಹತ್ತಿರ ಹುಲ್ಲಿನ ನಡುವೆ ಒಂದು ಒಂಟಿ ಬಾಗಿಲು ನಿಂತಿದೆ. ಆರು ಮೆಟ್ಟಿಲು, ಎರಡು ಕರಿಕಲ್ಲಿನ ಕಂಬ, ಮೇಲೊಂದು ತೊಲೆ, ಅಕ್ಕಪಕ್ಕ ಕಲ್ಲಿನ ಜಾಲಿಯ ಚೂರು. ಗೋಡೆ ಇಲ್ಲ, ಮಾಡು ಇಲ್ಲ. ಆದಿಲ್‌ಶಾಹಿಯ ಅರಮನೆಯಲ್ಲಿ ಉಳಿದದ್ದು ಇಷ್ಟೇ. ಪೋರ್ಚುಗೀಸ್ ಗವರ್ನರ್‌ಗಳೂ ಬಹಳ ಕಾಲ ಇದೇ ಅರಮನೆಯಲ್ಲಿದ್ದರು. ಗೈಡ್‌ಗಳು ಇದರ ಮುಂದೆ ನಿಲ್ಲಿಸುವುದೇ ಕಡಿಮೆ. ನನಗೆ ಕೇಳಿದರೆ ಇಡೀ ಹಳೇ ಗೋವಾದಲ್ಲಿ ನಮ್ಮ ಕಡೆಯವರು ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗ ಇದು.

ಕಾಲಲ್ಲಿ ಕಸುವಿದ್ದರೆ ಗುಡ್ಡದ ಮೇಲಿನ ಸಂತ ಅಗಸ್ಟೀನ್ ಗೋಪುರಕ್ಕೂ ಹತ್ತಿ. 46 ಮೀಟರ್ ಎತ್ತರದ್ದು, ಅರ್ಧ ಸೀಳಿಕೊಂಡು ನಿಂತಿದೆ. 1835ರಲ್ಲಿ ಆ ಮಠ ಮುಚ್ಚಿಸಿದರು, 1842ರಲ್ಲಿ ಮಾಡು ಕುಸಿಯಿತು. ಅಷ್ಟು ದೊಡ್ಡ ಊರು ಹಾಳಾಗಿದ್ದು ಬರೀ ಯುದ್ಧದಿಂದ ಅಲ್ಲ. ಸಾಂಕ್ರಾಮಿಕ ರೋಗಗಳು ಮೇಲಿಂದ ಮೇಲೆ ಬಂದವು, ಜನ ಬಿಟ್ಟು ಹೋದರು, 1843ರಲ್ಲಿ ಪಣಜಿಯನ್ನೇ ರಾಜಧಾನಿ ಮಾಡಿದರು.

ಪಣಜಿಯ ಗಲ್ಲಿಗಳು

ಪಣಜಿಗೆ ನಕ್ಷೆ ಬೇಡ, ಬೂಟು ಬೇಕು. ಮಾಂಡೋವಿ ದಂಡೆಯಿಂದ ಶುರು ಮಾಡಿ. ಅಲ್ಲಿ ಕಾಣುವ ಬಿಳಿ ಕಟ್ಟಡ ಆದಿಲ್‌ಶಾಹನ ಬೇಸಿಗೆ ಅರಮನೆಯ ಜಾಗ. 1759ರಿಂದ 1918ರ ತನಕ ಪೋರ್ಚುಗೀಸ್ ವೈಸರಾಯ್‌ಗಳ ಮನೆ, ಆಮೇಲೆ ಸಚಿವಾಲಯ. ಪಕ್ಕದಲ್ಲೇ ಅಬೆ ಫಾರಿಯಾ ಪ್ರತಿಮೆ ಇದೆ, ಸಮ್ಮೋಹನ ವಿದ್ಯೆಯಲ್ಲಿ ಹೆಸರು ಮಾಡಿದ ಗೋವಾದ ಪಾದ್ರಿ. ಕೈ ಚಾಚಿ ಒಬ್ಬ ಹೆಂಗಸನ್ನು ಮಂಕುಮಾಡುವ ಭಂಗಿ. ಮಕ್ಕಳು ಹೆದರುತ್ತಾರೆ, ದೊಡ್ಡವರು ಫೋಟೋ ತೆಗೆಯುತ್ತಾರೆ.

ಅಲ್ಲಿಂದ ಅಂಕುಡೊಂಕು ಮೆಟ್ಟಿಲಿನ ಬಿಳಿ ಚರ್ಚಿಗೆ ಹೋಗಿ, ಆಮೇಲೆ ಹಳ್ಳದ ಪಕ್ಕದ ಫೊಂಟೆನ್ಹಾಸ್. ಹಳದಿ, ನೀಲಿ, ಇಟ್ಟಿಗೆ ಬಣ್ಣದ ಮನೆಗಳು, ಕೆಂಪು ಹಂಚು, ಮರದ ಬಾಲ್ಕನಿ, ಬಾಗಿಲ ಪಕ್ಕ ನೀಲಿ ಬಣ್ಣದಲ್ಲಿ ಚಿತ್ರ ಬಿಡಿಸಿದ ಹೆಂಚಿನ ಮೇಲೆ ಮನೆಯ ಹೆಸರು. ಹಳೇ ಮನೆಗಳಲ್ಲಿ ಕಿಟಕಿಗೆ ಗಾಜಿನ ಬದಲು ಸಿಂಪಿಯ ಚಿಪ್ಪು ಕೂರಿಸಿರುತ್ತಾರೆ. ಬಿಸಿಲು ಬಿದ್ದಾಗ ಹಾಲು ಬಣ್ಣದ ಬೆಳಕು ಒಳಗೆ ಹೋಗುತ್ತದೆ, ಆದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಸಂತ ಸೆಬಾಸ್ಟಿಯನ್ ಚಿಕ್ಕ ಚರ್ಚಿನಲ್ಲಿ ಒಂದು ಏಸುವಿನ ಶಿಲುಬೆ ಇದೆ, ಕಣ್ಣು ತೆರೆದಿರುವ ಏಸು. ಇದು ಮೊದಲು ಹಳೇ ಗೋವಾದಲ್ಲಿ ಇನ್‌ಕ್ವಿಸಿಷನ್ ವಿಚಾರಣೆ ನಡೆಯುತ್ತಿದ್ದ ಕಟ್ಟಡದಲ್ಲಿತ್ತು. 1560ರಿಂದ 1812ರ ತನಕ, ನಡುವೆ ಸ್ವಲ್ಪ ಕಾಲ ಬಿಟ್ಟರೆ, ಧರ್ಮದ ಹೆಸರಿನಲ್ಲಿ ಜನರನ್ನು ಹಿಂಸಿಸಿದ ನ್ಯಾಯಾಲಯ ಅದು. ಬಣ್ಣದ ಗೋಡೆ ಮುಂದೆ ರೀಲ್ಸ್ ಮಾಡುವ ಗದ್ದಲದಲ್ಲಿ ಇದು ಮರೆತೇ ಹೋಗುತ್ತದೆ, ಅಲ್ವಾ?

ರೀಲ್ಸ್ ಅಂದೆನಲ್ಲ, ಅದೊಂದು ಮಾತು. ಇವು ಜನ ವಾಸ ಮಾಡುವ ಮನೆಗಳು. ಮೆಟ್ಟಿಲ ಮೇಲೆ ಹತ್ತಿ ಕೂರುವುದು, ಬಾಗಿಲು ತಳ್ಳಿ ನೋಡುವುದು, ಒಣಹಾಕಿದ ಬಟ್ಟೆ ಸರಿಸಿ ಫೋಟೋ ತೆಗೆಯುವುದು ಮಾಡಬೇಡಿ. ಫೋಟೋ ಬೇಡ ಅಂತ ಕೆಲವರು ಬೋರ್ಡೇ ಹಾಕಿದ್ದಾರೆ. ಬೆಳಿಗ್ಗೆ ಏಳರ ಹೊತ್ತಿಗೆ ಹೋದರೆ ಗಲ್ಲಿ ಖಾಲಿ ಇರುತ್ತದೆ, ಸೈಕಲ್ ಮೇಲೆ ಹಾರ್ನ್ ಒತ್ತುತ್ತಾ ಪಾವ್ ಮಾರುವವನು ಸಿಗುತ್ತಾನೆ. ಅವನ ಹತ್ತಿರ ಪೊಯ್ ಕೇಳಿ. ಗೋಧಿ ತವುಡು ಮೆತ್ತಿದ, ಉಬ್ಬಿ ನಡುವೆ ಪೊಳ್ಳಾದ ಬ್ರೆಡ್ಡು. ಬಿಸಿ ಇದ್ದಾಗಲೇ ತಿನ್ನಿ.

ಊಟ

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಬೆಳಿಗ್ಗೆ ಪಾವ್ ಜೊತೆ ಪಾತಳ ಭಾಜಿ ಎಲ್ಲಾ ಕಡೆ ಸಿಗುತ್ತದೆ, ಉಡುಪಿ ಹೋಟೆಲ್‌ಗಳೂ ಇವೆ. ಬೆಬಿಂಕಾ ಅನ್ನುವ ಪದರ ಪದರದ ಸಿಹಿಯನ್ನು ಎಲ್ಲರೂ ತಿನ್ನಿ ಅನ್ನುತ್ತಾರೆ, ಅದಕ್ಕೆ ಮೊಟ್ಟೆಯ ಹಳದಿ ಹಾಕುತ್ತಾರೆ, ಗೊತ್ತಿರಲಿ. ಹಂದಿ ತಿನ್ನದವರು ಚೊರಿಸೊ, ಸೊರ್ಪೊಟೆಲ್ ಅಂತ ಬರೆದದ್ದು ಬಿಡಿ, ವಿಂದಾಲೂ ಯಾವ ಮಾಂಸದ್ದು ಅಂತ ಕೇಳಿಯೇ ಹೇಳಿ. ಮೀನು ತಿನ್ನುವವರಿಗೆ ಮಧ್ಯಾಹ್ನದ ಮೀನಿನ ಊಟಕ್ಕಿಂತ ಒಳ್ಳೆಯದಿಲ್ಲ. ಮಾರ್ಕೆಟ್ ಹತ್ತಿರದ ಸಣ್ಣ ಖಾನಾವಳಿಗೆ ಹೋಗಿ, ನದಿ ಕಾಣುವ ಹೋಟೆಲಿಗೆ ಅಲ್ಲ. ಮಾರ್ಕೆಟ್ಟಿನಲ್ಲಿ ಕೊಂಕಣಿ ಬಾರದಿದ್ದರೂ ನಡೆಯುತ್ತದೆ, ಸುಮ್ನೆ ಕನ್ನಡದಲ್ಲೇ ರೇಟ್ ಕೇಳಿ ನೋಡಿ, ಉತ್ತರ ಕರ್ನಾಟಕದವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ.

ಅವರ ಅಡುಗೆಯ ಖಾರ ನಮಗೆ ಹುಳಿ ಹುಳಿ ಅನ್ನಿಸುತ್ತದೆ, ವಿನೆಗರ್ ಜಾಸ್ತಿ. ಆದರೆ ಜಂಬ ಬೇಡ. ನಾವು ರೊಟ್ಟಿಗೆ ಹಚ್ಚಿಕೊಳ್ಳುವ ಕೆಂಪು ಮೆಣಸಿನಕಾಯಿ ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲೇ ಈ ದೇಶಕ್ಕೆ ಬಂದದ್ದು. ಗೇರುಬೀಜವೂ ಹಾಗೆಯೇ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾತ್ರ ಮನೆಯಿಂದಲೇ ಕಟ್ಟಿಕೊಂಡು ಹೋಗಿ. ಎರಡನೇ ದಿನಕ್ಕೆ ಅನ್ನ, ಪಾವ್ ಎರಡೂ ಬೇಸರ ಬರುತ್ತದೆ.

ಒಂದು ದಿನ ಹೆಚ್ಚಿಗೆ ಇದ್ದರೆ ಪೊಂಡಾ ಕಡೆ ಮಂಗೇಶಿ, ಶಾಂತಾದುರ್ಗಾ ಗುಡಿಗಳಿಗೆ ಹೋಗಿ. ಪೋರ್ಚುಗೀಸರು ಗುಡಿ ಕೆಡವುತ್ತಿದ್ದಾಗ ಜನ ದೇವರನ್ನು ಎತ್ತಿಕೊಂಡು ನದಿ ದಾಟಿ ಬಂದದ್ದು ಈ ಸೀಮೆಗೆ, ಆಗ ಇದು ಆದಿಲ್‌ಶಾಹಿ ಕೈಯಲ್ಲಿತ್ತು. ಇಲ್ಲಿ ಚಪ್ಪಲಿ ಬಿಡಬೇಕು.

ವಾಪಸ್ ಬರುವಾಗ ಗೇರುಬೀಜ ಮಾರ್ಕೆಟ್ಟಿನಲ್ಲಿ ತೆಗೆದುಕೊಳ್ಳಿ, ರುಚಿ ನೋಡಿ, ಚೌಕಾಸಿ ಮಾಡಿ. ಅಗ್ಗ ಅಂತ ಬಾಟಲಿ ಕಟ್ಟಿಕೊಂಡು ಬಸ್ ಹತ್ತಬೇಡಿ. ಪರ್ಮಿಟ್ ಇಲ್ಲದೆ ಕರ್ನಾಟಕಕ್ಕೆ ತರುವುದು ಅಪರಾಧ, ಗಡಿಯಲ್ಲಿ ಅಬಕಾರಿಯವರು ಬಸ್ ನಿಲ್ಲಿಸಿ ಬ್ಯಾಗ್ ಬಿಚ್ಚಿಸುತ್ತಾರೆ. ನಡುರಾತ್ರಿ ಒಬ್ಬನ ಬ್ಯಾಗಿಗಾಗಿ ಇಡೀ ಬಸ್ಸು ಕಾಯುವಾಗ ಅಕ್ಕಪಕ್ಕದ ಸೀಟಿನವರು ಏನೇನು ಅನ್ನುತ್ತಾರೆ ಅಂತ ಇಲ್ಲಿ ಬರೆಯುವ ಹಾಗಿಲ್ಲ.